ಕಾಶಿಯಲ್ಲಿ ಬಿಟ್ಟು ಬಂದ ಫೋಟೋಗಳು

ಕಾಶಿಗೆ ಹೋದವರು ತಮಗೆ ಇಷ್ಟವಾದ ಏನಾದರೂ ಒಂದನ್ನು ಅಲ್ಲೇ ಬಿಟ್ಟು ಬರಬೇಕು ಅನ್ನುತ್ತಾರೆ. ಒಂದು ತರಕಾರಿ, ಒಂದು ಹಣ್ಣು. ಬಿಟ್ಟ ಮೇಲೆ ಮತ್ತೆ ಅದನ್ನು ಬಾಯಿಗೆ ಹಾಕುವ ಹಾಗಿಲ್ಲ. 2018ರಲ್ಲಿ ನಮ್ಮತ್ತೆ ಹೀರೆಕಾಯಿ ಬಿಟ್ಟರು. (ಅವರಿಗೆ ಹೀರೆಕಾಯಿ ಮೊದಲಿನಿಂದಲೂ ಸೇರುತ್ತಿರಲಿಲ್ಲ ಅನ್ನೋದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಯಾರೂ ಬಾಯಿ ಬಿಡಲಿಲ್ಲ.) ಅವರ ತಂಗಿ, ತೀರ್ಥಹಳ್ಳಿಯ ಚಿಕ್ಕತ್ತೆ, ಸೀತಾಫಲ ಬಿಟ್ಟರು. ಈಗಲೂ ಮನೆಗೆ ನೆಂಟರು ಬಂದು ಕಾಶಿ ಮಾತು ಬಂದರೆ ಅತ್ತೆ ನನ್ನ ಕಡೆ ತಿರುಗದೆ ಹೇಳುತ್ತಾರೆ: "ನಾನು ಹೀರೆಕಾಯಿ ಬಿಟ್ಟೆ, ತಂಗಿ ಸೀತಾಫಲ ಬಿಟ್ಟಳು. ನಮ್ಮ ಸೊಸೆ ಫೋಟೋ ಬಿಟ್ಟು ಬಂದಳು."

ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್. ಇಪ್ಪತ್ತೆರಡು ವರ್ಷದಿಂದ ದಿನಾ ಸಂಜೆ ಕ್ಯಾಷ್ ಟ್ಯಾಲಿ ಮಾಡಿ ಎದ್ದವಳು. ಹತ್ತು ರೂಪಾಯಿ ಹೆಚ್ಚುಕಮ್ಮಿ ಬಂದರೂ ಮನೆಗೆ ಹೋಗುವ ಹಾಗಿಲ್ಲ, ಕೂತು ಹುಡುಕಬೇಕು. ಅಂಥವಳು ಒಂದು ರಾತ್ರಿಯಲ್ಲಿ ಇನ್ನೂರ ನಲವತ್ತು ಫೋಟೋ ಕಳೆದುಕೊಂಡೆ. ಕಳ್ಳರು ಬರಲಿಲ್ಲ, ಕ್ಯಾಮರಾ ಗಂಗೆಗೆ ಬೀಳಲಿಲ್ಲ, ಕಾರ್ಡ್ ಕೆಡಲಿಲ್ಲ. ಎಲ್ಲ ನನ್ನ ಕೈಯಾರೆ ಆದದ್ದು. ಅದೂ ಬ್ಯಾಕಪ್ ಮಾಡಲು ಹೋಗಿ!

ಮೊದಲ ದಿನ ಬೆಳಗಿನ ಜಾವ ಘಾಟಿಗೆ ಹೋಗಿದ್ದೆವು. ಕಾಶಿಯಲ್ಲಿ ಹನುಮಾನ್ ಘಾಟಿನ ಪಕ್ಕ ಕರ್ನಾಟಕ ಘಾಟ್ ಅಂತಲೇ ಒಂದಿದೆ, ಮೈಸೂರು ಸಂಸ್ಥಾನದ ಕಾಲದ್ದು. ಕಾಶಿಯಲ್ಲಿ ಕನ್ನಡದ ಬೋರ್ಡ್ ನೋಡಿ ಅತ್ತೆಗೆ ಅರ್ಧ ಕಾಶಿ ತಮ್ಮದೇ ಅನ್ನಿಸಿತು. ಅಕ್ಕತಂಗಿಯರು ಕೈ ಹಿಡಿದುಕೊಂಡು ಮೂರು ಮುಳುಗು ಹಾಕಿದರು. ಮೂರನೆಯದಕ್ಕೆ ಚಿಕ್ಕತ್ತೆ ನೀರು ಕುಡಿದು ಕೆಮ್ಮಿದರು, ಅತ್ತೆ ಬೆನ್ನು ತಟ್ಟುತ್ತಾ ನಗುತ್ತಿದ್ದರು. ಎಪ್ಪತ್ತರ ಹತ್ತಿರದ ಇಬ್ಬರು ಹೆಂಗಸರು, ಒದ್ದೆ ಸೀರೆ, ಹಿಂದೆ ಹಳದಿ ಬಿಸಿಲು. ನಾನು ಮೆಟ್ಟಿಲ ಮೇಲೆ ಕೂತು ಒಂದೇ ಸಮನೆ ಕ್ಲಿಕ್ಕಿಸುತ್ತಿದ್ದೆ. ನೀರಿನ ಭಯಕ್ಕೆ ಎಲ್ಲರ ಫೋನನ್ನೂ ರೂಮಿನಲ್ಲೇ ಬಿಟ್ಟು ಬಂದಿದ್ದೆವು. ಇದ್ದದ್ದು ನನ್ನ ಕ್ಯಾಮರಾ ಒಂದೇ. ಸಂಜೆ ದಶಾಶ್ವಮೇಧ ಘಾಟಿನ ಆರತಿಯ ಹೊತ್ತಿಗೆ ಲೆಕ್ಕ 310 ಆಗಿತ್ತು.

ರಾತ್ರಿ ರೂಮಿಗೆ ಬಂದು ನಮ್ಮವರ ಲ್ಯಾಪ್‌ಟಾಪಿನಲ್ಲಿ ಕಾರ್ಡ್ ಹಾಕಿದೆ. ಪೆನ್‌ಡ್ರೈವಿನಲ್ಲಿ 'ಕಾಶಿ' ಅಂತ ಫೋಲ್ಡರ್ ಮಾಡಿ ಎಲ್ಲ ಕಾಪಿ ಮಾಡಿದೆ. ನಾಳೆಗೆ ಜಾಗ ಬೇಕಲ್ಲ ಅಂತ ಕಾರ್ಡ್ ಫಾರ್ಮ್ಯಾಟ್ ಮಾಡಿದೆ. 16 ಜಿಬಿ ಕಾರ್ಡ್, ಇನ್ನೂ ಮುಕ್ಕಾಲು ಪಾಲು ಖಾಲಿ ಇತ್ತು. ಯಾಕೆ ಫಾರ್ಮ್ಯಾಟ್ ಮಾಡಿದೆ ಅಂತ ಈಗ ಕೇಳಿದರೆ ಉತ್ತರವಿಲ್ಲ. ಮಲಗುವ ಮೊದಲು ಅಡುಗೆಕಟ್ಟೆ ಒರೆಸಿಟ್ಟ ಹಾಗೆ ಒಂದು ಅಭ್ಯಾಸ, ಅಷ್ಟೆ.

ಎರಡನೆಯ ದಿನ ಸಾರನಾಥ, ಸೀರೆ ಅಂಗಡಿ, ಸಂದಿಗೊಂದಿ ಓಡಾಟ. 240 ಫೋಟೋ. ರಾತ್ರಿ ಹತ್ತೂವರೆ. ಕಾಲು ಬಾತುಕೊಂಡಿತ್ತು, ಪಕ್ಕದ ಮಂಚದಲ್ಲಿ ಅತ್ತೆ ಗೊರಕೆ ಹೊಡೆಯುತ್ತಿದ್ದರು. ಮತ್ತೆ ಅದೇ ಪೆನ್‌ಡ್ರೈವ್, ಅದೇ 'ಕಾಶಿ' ಫೋಲ್ಡರ್. ಕಾಪಿ, ಪೇಸ್ಟ್. ಕಂಪ್ಯೂಟರ್ ಏನೋ ಕೇಳಿತು. ಇದೇ ಹೆಸರಿನ ಫೈಲ್‌ಗಳು ಇವೆ, ರೀಪ್ಲೇಸ್ ಮಾಡಲೇ, ಸ್ಕಿಪ್ ಮಾಡಲೇ? ನಾನು ರೀಪ್ಲೇಸ್ ಒತ್ತಿದೆ. ಒತ್ತಿ, ಕಾರ್ಡನ್ನು ಮತ್ತೆ ಫಾರ್ಮ್ಯಾಟ್ ಮಾಡಿ, ದೀಪ ಆರಿಸಿ ಮಲಗಿದೆ.

ಆದದ್ದು ಇಷ್ಟು. ಕ್ಯಾಮರಾದಲ್ಲಿ ಫೋಟೋಗಳಿಗೆ ನಂಬರ್ ಹೇಗೆ ಕೊಡಬೇಕು ಅನ್ನುವುದಕ್ಕೆ ಒಂದು ಸೆಟ್ಟಿಂಗ್ ಇರುತ್ತದೆ. ನನ್ನದರಲ್ಲಿ ಅದು 'ಆಟೋ ರೀಸೆಟ್'ನಲ್ಲಿತ್ತು. ಅಂದರೆ ಕಾರ್ಡ್ ಖಾಲಿ ಆದಾಗಲೆಲ್ಲ ನಂಬರ್ ಮತ್ತೆ 0001ರಿಂದ ಶುರು. ಹಾಗಾಗಿ ಎರಡನೆಯ ದಿನದ ಮೊದಲ ಫೋಟೋದ ಹೆಸರೂ ಮೊದಲ ದಿನದ ಮೊದಲ ಫೋಟೋದ ಹೆಸರೂ ಒಂದೇ. ಸಾರನಾಥದ ಜಿಂಕೆ ಬಂದು ಅತ್ತೆಯ ಗಂಗಾಸ್ನಾನದ ಜಾಗದಲ್ಲಿ ಕೂತಿತು. 1ರಿಂದ 240ರವರೆಗೆ ಎಲ್ಲ ಹೋಯಿತು. ಉಳಿದದ್ದು 241ರಿಂದ 310. ಅವು ಸಂಜೆಯ ಆರತಿಯವು. ಹೊಗೆ, ದೀಪ, ಜನರ ತಲೆಗಳು. ಅಂಥ ಫೋಟೋ ಕಾಶಿಗೆ ಹೋದ ಎಲ್ಲರ ಫೋನಿನಲ್ಲೂ ಇವೆ.

ಶಿವಮೊಗ್ಗಕ್ಕೆ ಬಂದ ಮೇಲೆ ಗೊತ್ತಾಯಿತು. ನಮ್ಮ ಬ್ರಾಂಚಿನ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗ, "ಮೇಡಂ, ಕಾರ್ಡಿಗೆ ಕೈ ಹಚ್ಚಬೇಡಿ, ಒಂದೇ ಒಂದು ಫೋಟೋನೂ ತೆಗೀಬೇಡಿ" ಅಂದ. ಅವನು ಹೇಳಿದ್ದು ಆಗ ಅರ್ಧಂಬರ್ಧ ಅರ್ಥವಾಯಿತು, ಆಮೇಲೆ ಪೂರ್ತಿ. ಡಿಲೀಟ್ ಮಾಡಿದಾಗಲಾಗಲಿ, ಕ್ಯಾಮರಾದಲ್ಲಿ ಫಾರ್ಮ್ಯಾಟ್ ಮಾಡಿದಾಗಲಾಗಲಿ ಸಾಮಾನ್ಯವಾಗಿ ಫೋಟೋ ಕೂಡಲೇ ಅಳಿಸಿಹೋಗುವುದಿಲ್ಲ. ಯಾವ ಫೋಟೋ ಎಲ್ಲಿದೆ ಅನ್ನುವ ಪಟ್ಟಿ ಮಾತ್ರ ಹೋಗುತ್ತದೆ. ಪುಸ್ತಕ ಹಾಗೇ ಇದೆ, ಪರಿವಿಡಿಯ ಹಾಳೆ ಹರಿದಿದೆ ಅಂದುಕೊಳ್ಳಿ. ಮೇಲೆ ಹೊಸದನ್ನು ಬರೆದಾಗಲೇ ಹಳೆಯದು ನಿಜವಾಗಿ ಹೋಗುವುದು. ಹಾಗಾಗಿ ತಪ್ಪಿ ಅಳಿಸಿದ ಕೂಡಲೇ ಕಾರ್ಡ್ ಹೊರಗೆ ತೆಗೆದು ಎತ್ತಿಟ್ಟುಬಿಟ್ಟರೆ ಬಹಳಷ್ಟು ಸಲ ಸಿಗುತ್ತದೆ.

ಅವನು ಫೋಟೋರೆಕ್ ಅನ್ನುವ ಪ್ರೋಗ್ರಾಂ ಹಾಕಿದ. ದುಡ್ಡಿಲ್ಲ, ಉಚಿತ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ, ನೋಡಲು ನಮ್ಮ ಬ್ಯಾಂಕಿನ ಹಳೇ ಕಾಲದ ಸಿಸ್ಟಮ್ ಥರ. ಅದು ಪಟ್ಟಿಯನ್ನು ನಂಬುವುದೇ ಇಲ್ಲ. ಕಾರ್ಡಿನ ಉದ್ದಕ್ಕೂ ಹೋಗಿ, ಎಲ್ಲೆಲ್ಲಿ ಫೋಟೋ ಶುರುವಾದ ಗುರುತು ಇದೆಯೋ ಅಲ್ಲಿಂದ ಎತ್ತಿಕೊಳ್ಳುತ್ತದೆ. ಒಂದು ಗಂಟೆ ಓಡಿತು. ಎರಡನೆಯ ದಿನದ 240 ಪೂರ್ತಿ ಸಿಕ್ಕವು. ಅವು ಹೇಗೂ ಇದ್ದವು. ಮೊದಲ ದಿನದವೂ ಸಿಕ್ಕವು! ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ತೆರೆದು ನೋಡಿದರೆ, ಆರತಿ. ಮತ್ತೆ ಆರತಿ. ಯಾವ ಎಪ್ಪತ್ತು ಫೋಟೋ ನನ್ನ ಹತ್ತಿರ ಆಗಲೇ ಇದ್ದವೋ ಅವೇ. ಎರಡನೆಯ ದಿನದ ಫೋಟೋಗಳು ಕಾರ್ಡಿನ ಮೊದಲಿನಿಂದ ಬರೆಯುತ್ತಾ ಹೋಗಿ, ಬೆಳಗಿನದ್ದನ್ನೆಲ್ಲ ಮುಚ್ಚಿ, ಆರತಿಯ ಬಾಗಿಲಿಗೆ ಬಂದು ನಿಂತಿದ್ದವು. ಪೆನ್‌ಡ್ರೈವಿನಲ್ಲೂ ಜಾಲಾಡಿದ. ನಾಲ್ಕೈದು ಚೂರು ಸಿಕ್ಕವು. ಒಂದರಲ್ಲಿ ಮೇಲೆ ಆಕಾಶ, ದೋಣಿಯ ತುದಿ, ಅದರ ಕೆಳಗೆ ಬರೀ ಬೂದು ಬಣ್ಣ. ಅತ್ತೆ ಇರಬೇಕಾದ ಕಡೆ ಸಿಮೆಂಟು ಬಳಿದ ಹಾಗೆ.

ಅತ್ತೆ ಆ ದಿನ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಹೋಗಲಿ ಬಿಡು ಮಾರಾಯ್ತಿ, ಸ್ನಾನ ಮಾಡಿದ್ದು ಗಂಗೆಗೆ ಗೊತ್ತಲ್ಲ" ಅಂದರು. ಹೀರೆಕಾಯಿ ಜೋಕು ಶುರುವಾದದ್ದು ಒಂದು ತಿಂಗಳಾದ ಮೇಲೆ.

ಬ್ಯಾಕಪ್ ಅಂದರೆ ಏನು ಅಂತ ನನಗೆ ಸರಿಯಾಗಿ ಕಲಿಸಿದ್ದೂ ಅತ್ತೆಯೇ, ಅವರಿಗೆ ಗೊತ್ತಿಲ್ಲದ ಹಾಗೆ. ನಾನು ಸಾಗರದ ಕಡೆಯವಳು. ನಮ್ಮ ತವರಿನಿಂದ ಪ್ರತಿ ವರ್ಷ ಅಪ್ಪೆಮಿಡಿ ಬರುತ್ತದೆ. ಅತ್ತೆ ಉಪ್ಪಿನಕಾಯಿ ಹಾಕಿ ಒಂದೇ ಭರಣಿಗೆ ತುಂಬುವುದಿಲ್ಲ. ಒಂದು ಪಿಂಗಾಣಿ ಭರಣಿ, ಅಟ್ಟದ ಮೇಲೆ. ಒಂದು ಗಾಜಿನ ಬಾಟಲಿ, ದಿನದ ಬಳಕೆಗೆ. ಇನ್ನೊಂದು ಭರಣಿ ಹುಬ್ಬಳ್ಳಿಗೆ, ನನ್ನ ನಾದಿನಿ ಮನೆಗೆ. ಮಳೆಗಾಲದಲ್ಲಿ ಯಾರಾದರೂ ಒದ್ದೆ ಚಮಚ ಹಾಕಿ ಬಾಟಲಿಗೆ ಬೂಸ್ಟು ಬಂದರೂ ಭರಣಿ ಉಳಿಯುತ್ತದೆ. ಮನೆಯಲ್ಲಿ ಎರಡೂ ಕೆಟ್ಟರೆ ಹುಬ್ಬಳ್ಳಿಯದಿದೆ. ಪೀಟರ್ ಕ್ರೋ ಅನ್ನುವ ಅಮೆರಿಕದ ಫೋಟೋಗ್ರಾಫರ್ ಬಳಕೆಗೆ ತಂದ 3-2-1 ಅನ್ನುವ ಸೂತ್ರ ಓದಿದಾಗ ನಗು ಬಂತು. ಮೂರು ಪ್ರತಿ, ಎರಡು ಬೇರೆ ಬೇರೆ ಥರದ ಸಾಮಾನಿನಲ್ಲಿ, ಒಂದು ಬೇರೆ ಊರಿನಲ್ಲಿ. ಭರಣಿ, ಬಾಟಲಿ, ಹುಬ್ಬಳ್ಳಿ.

ಕಾಶಿಯಲ್ಲಿ ನಾನು ಮಾಡಿದ್ದೇನು? ಇದ್ದ ಒಂದು ಪ್ರತಿಯನ್ನು ಇನ್ನೊಂದು ಕಡೆಗೆ ಸಾಗಿಸಿದೆ. ಅಲ್ಲಿಗೂ ಒಂದೇ ಪ್ರತಿ, ಇಲ್ಲಿಗೂ ಒಂದೇ ಪ್ರತಿ. ಕಾರ್ಡ್ ಖಾಲಿ ಮಾಡುವುದಕ್ಕೆ ಬ್ಯಾಕಪ್ ಅಂತ ಹೆಸರಿಟ್ಟುಕೊಂಡಿದ್ದೆ.

ಇದೆಲ್ಲ ನಿಜವಾಗಿ ಪರೀಕ್ಷೆಗೆ ಬಂದದ್ದು 2023ರ ಜೂನ್‌ನಲ್ಲಿ, ಲಡಾಖ್‌ಗೆ ಹೋದಾಗ. ಬ್ಯಾಂಕಿನವರು ಪ್ರವಾಸಕ್ಕೆ ಕೊಡುವ ಎಲ್‌ಎಫ್‌ಸಿ ಸೌಲಭ್ಯದ ಅವಧಿ ಮುಗಿಯಲು ಬಂದಿತ್ತು. ನಾನು, ನಮ್ಮವರು, ಮಗಳು, ಎಂಟು ದಿನ. ಅತ್ತೆಗೆ ಆ ಎತ್ತರ ಬೇಡ ಅಂತ ಡಾಕ್ಟರು ಹೇಳಿದರು. ಅವರು ಹುಬ್ಬಳ್ಳಿಗೆ ಹೋದರು, ಉಪ್ಪಿನಕಾಯಿ ಭರಣಿಯ ಜೊತೆ.

ಮಗಳ ವಾದ ಸರಳವಾಗಿತ್ತು. "ಅಮ್ಮಾ, ಎಲ್ಲ ಕ್ಲೌಡಿಗೆ ಹೋಗುತ್ತೆ, ಸುಮ್ನೆ ಯಾಕೆ ತಲೆಕೆಡಿಸ್ಕೊಳ್ತೀಯ?" ನಾನು ಬ್ಯಾಂಕಿನವಳು, ಲೆಕ್ಕ ಹಾಕಿ ತೋರಿಸಿದೆ. ದಿನಕ್ಕೆ ನಾನೂರು ಫೋಟೋ, ಒಂದಕ್ಕೆ 8 ಎಂಬಿ. ಮೂರು ಜಿಬಿ ದಾಟಿತು. ಎಂಟು ದಿನಕ್ಕೆ 25 ಜಿಬಿ. ಗೂಗಲ್ ಪುಕ್ಕಟೆ ಕೊಡುವುದು 15 ಜಿಬಿ, ಅದರಲ್ಲೇ ಮೇಲ್ ಕೂಡ ಇರಬೇಕು. ಲೆಕ್ಕವಿಲ್ಲದಷ್ಟು ಫೋಟೋ ಸುಮ್ಮನೆ ಇಟ್ಟುಕೊಳ್ಳುತ್ತಿದ್ದ ಕಾಲ 2021ರ ಜೂನ್ 1ಕ್ಕೆ ಮುಗಿಯಿತು. ಸರಿ, ದುಡ್ಡು ಕೊಟ್ಟು ಜಾಗ ತೆಗೆದುಕೊಳ್ಳೋಣ. ಕಳಿಸುವುದು ಹೇಗೆ? ಹೋಟೆಲಿನ ವೈಫೈ 2 ಎಂಬಿಪಿಎಸ್ ಕೊಟ್ಟರೆ ಒಂದು ದಿನದ ಫೋಟೋ ಹೋಗಲು ಮೂರೂವರೆ ಗಂಟೆ ಬೇಕು. ಅದೂ ಮಧ್ಯದಲ್ಲಿ ಕಟ್ ಆಗದಿದ್ದರೆ. ಇನ್ನು ಫೋನಿನ ಮಾತು. ನಾವು ಹೋದಾಗ ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುತ್ತಿರಲಿಲ್ಲ, ಪೋಸ್ಟ್‌ಪೇಯ್ಡ್ ಮಾತ್ರ. ನಮ್ಮ ಮೂವರಲ್ಲಿ ಪೋಸ್ಟ್‌ಪೇಯ್ಡ್ ಇದ್ದದ್ದು ನಮ್ಮವರಿಗೆ ಒಬ್ಬರಿಗೇ. ಲೇಹ್ ವಿಮಾನ ನಿಲ್ದಾಣದಲ್ಲಿ ಮಗಳ ಫೋನು ಸತ್ತುಹೋದಾಗ ಅವಳ ಮುಖ ನೋಡಬೇಕಿತ್ತು.

ಕ್ಲೌಡ್ ಬೇಡ ಅಂತಲ್ಲ. ಆದರೆ ಅದರ ಸ್ವಭಾವ ಗೊತ್ತಿರಬೇಕು. ನನ್ನ ಸಹೋದ್ಯೋಗಿಯೊಬ್ಬರು ಫೋನ್ ತುಂಬಿತು ಅಂತ ಗೂಗಲ್ ಫೋಟೋಸ್ ಒಳಗೇ ಹೋಗಿ ಒಂದು ಟೂರಿನ ಫೋಟೋ ಎಲ್ಲ ಡಿಲೀಟ್ ಮಾಡಿದರು. "ಮೇಲೆ ಇದೆಯಲ್ಲ" ಅನ್ನುವ ಧೈರ್ಯ. ಅಲ್ಲಿ ಅಳಿಸಿದರೆ ಮೇಲಿನದ್ದೂ ಹೋಗುತ್ತದೆ. ಬ್ಯಾಕಪ್ ಆದ ಫೋಟೋ ಕಸದ ಬುಟ್ಟಿಯಲ್ಲಿ 60 ದಿನ ಇರುತ್ತದೆ. ಅವರು ಹುಡುಕಿದ್ದು ಮೂರನೇ ತಿಂಗಳು. ಫೋನಿನಿಂದ ಮಾತ್ರ ತೆಗೆಯಬೇಕಾದರೆ 'ಫ್ರೀ ಅಪ್ ಸ್ಪೇಸ್' ಅಂತ ಬೇರೆಯೇ ಗುಂಡಿ ಇದೆ. ಇದು ಅವರ ಮನೆಯಲ್ಲಿ ಗಂಡ ಹೆಂಡತಿ ಎರಡು ದಿನ ಮಾತು ಬಿಟ್ಟ ವಿಷಯ, ಹೆಚ್ಚು ಹೇಳಲ್ಲ.

ಮನೆಯಲ್ಲಿ ಒಂದು ಹಳೆಯ ಹಾರ್ಡ್ ಡಿಸ್ಕ್ ಇತ್ತು. ಅದನ್ನೇ ಒಯ್ಯೋಣ ಅಂತಿದ್ದೆ. ಹೊರಡುವ ಮೊದಲು ಸುಮ್ನೆ ಅದರ ವಿವರದ ಹಾಳೆ ಓದಿದೆ. (ನಾನು ಹಾಳೆ ಓದುವವಳು. ಔಷಧಿ ಚೀಟಿಯನ್ನೂ ಓದುತ್ತೇನೆ.) ಕೆಲಸ ಮಾಡುವಾಗ ಗರಿಷ್ಠ ಎತ್ತರ 3,048 ಮೀಟರ್ ಅಂತಿತ್ತು. ಅಂದರೆ ಹತ್ತು ಸಾವಿರ ಅಡಿ. ಲೇಹ್ ಊರೇ 3,500 ಮೀಟರ್ ಎತ್ತರದಲ್ಲಿದೆ! ಡಿಸ್ಕಿಗೂ ಎತ್ತರಕ್ಕೂ ಏನು ಸಂಬಂಧ ಅಂತ ಹುಡುಕಿದರೆ, ಸಂಬಂಧ ಇದೆ. ಒಳಗೆ ತಟ್ಟೆಗಳು ಗರಗರ ತಿರುಗುತ್ತವೆ. ಓದುವ ಮುಳ್ಳು ತಟ್ಟೆಯನ್ನು ಮುಟ್ಟುವುದಿಲ್ಲ, ತಿರುಗುವಾಗ ಹುಟ್ಟುವ ಗಾಳಿಯ ಸಣ್ಣ ಪದರದ ಮೇಲೆ ತೇಲುತ್ತದೆ. ಎತ್ತರದಲ್ಲಿ ಗಾಳಿ ತೆಳು. ಮುಳ್ಳು ಕೆಳಗಿಳಿದು ತಟ್ಟೆಗೆ ತಾಗಬಹುದು. ಅಲ್ಲಿ ನಮಗೆ ಉಸಿರು ಕಟ್ಟುವ ಹಾಗೆ ಅದಕ್ಕೂ ಕಟ್ಟುತ್ತದೆ ಅಂತ ಮಗಳಿಗೆ ಹೇಳಿದೆ. ಅವಳು ಮೊದಲ ಸಲ ನನ್ನ ಮಾತನ್ನು ಆಸಕ್ತಿಯಿಂದ ಕೇಳಿದಳು.

ಎಸ್‌ಎಸ್‌ಡಿ ಅಂತ ಇನ್ನೊಂದು ಥರದ ಡಿಸ್ಕ್ ಇದೆ, ಬರೀ ಚಿಪ್ಪುಗಳದ್ದು. ಅದರಲ್ಲಿ ತಿರುಗುವುದು ಏನೂ ಇಲ್ಲ. ಬಿದ್ದರೂ ಅಷ್ಟು ಭಯವಿಲ್ಲ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, 500 ಜಿಬಿಯದ್ದು ತೆಗೆದುಕೊಂಡೆ. ಲ್ಯಾಪ್‌ಟಾಪ್ ಹೊತ್ತುಕೊಂಡು ಹೋಗುವುದು ಬೇಡ ಅಂತ ಒಂದು ಸಣ್ಣ ಹಬ್. ಅದಕ್ಕೆ ಒಂದು ಕಡೆ ಕಾರ್ಡ್, ಒಂದು ಕಡೆ ಎಸ್‌ಎಸ್‌ಡಿ, ಅದರ ಬಾಲ ನನ್ನ ಫೋನಿಗೆ. ಶಿವಮೊಗ್ಗದಲ್ಲೇ ಊಟದ ಮೇಜಿನ ಮೇಲೆ ಒಂದು ಸಲ ಮಾಡಿ ನೋಡಿದೆ. ಒಳ್ಳೆಯದಾಯಿತು. ಎಸ್‌ಎಸ್‌ಡಿಯನ್ನು ನಮ್ಮವರು ತಮ್ಮ ಲ್ಯಾಪ್‌ಟಾಪಿಗೆ ಸರಿಹೋಗುವ ಹಾಗೆ ಎನ್‌ಟಿಎಫ್‌ಎಸ್ ಅನ್ನುವ ವಿನ್ಯಾಸಕ್ಕೆ ಫಾರ್ಮ್ಯಾಟ್ ಮಾಡಿಟ್ಟಿದ್ದರು, ನನ್ನ ಫೋನಿಗೆ ಅದು ಕಾಣಿಸಲೇ ಇಲ್ಲ. ಎಕ್ಸ್‌ಫ್ಯಾಟ್ ಅನ್ನುವ ಇನ್ನೊಂದು ವಿನ್ಯಾಸಕ್ಕೆ ಬದಲಾಯಿಸಿದ ಮೇಲೆ ಎರಡಕ್ಕೂ ಕಂಡಿತು. ಇದು ಲೇಹ್‌ನಲ್ಲಿ ಗೊತ್ತಾಗಿದ್ದರೆ ನಾನು ಏನು ಮಾಡಬೇಕಿತ್ತು?

ಕ್ಯಾಮರಾದ ನಂಬರ್ ಸೆಟ್ಟಿಂಗ್ 'ಕಂಟಿನ್ಯೂಯಸ್'ಗೆ ಹಾಕಿದೆ. ಈಗ ಕಾರ್ಡ್ ಬದಲಾಯಿಸಿದರೂ ಲೆಕ್ಕ ಮುಂದುವರಿಯುತ್ತದೆ. ಆದರೂ 9999 ಆದ ಮೇಲೆ ಮತ್ತೆ 0001 ಬರುವುದನ್ನು ತಪ್ಪಿಸಲಾಗುವುದಿಲ್ಲ. ಅದಕ್ಕೇ ದಿನಕ್ಕೊಂದು ಫೋಲ್ಡರ್, ವರ್ಷ, ತಿಂಗಳು, ತಾರೀಖು, ಆಮೇಲೆ ಊರು. '2023-06-12 ಹುಂಡರ್' ಅನ್ನುವ ಹಾಗೆ. ವರ್ಷ ಮುಂದೆ ಬಂದರೆ ಎಲ್ಲ ತಾನೇ ಸಾಲಾಗಿ ನಿಲ್ಲುತ್ತವೆ. ಒಂದು ಫೋಲ್ಡರಿಗೆ ಎರಡು ದಿನ ಸೇರಿಸುವುದಿಲ್ಲ. ಆ ರೀಪ್ಲೇಸ್ ಪ್ರಶ್ನೆ ನನಗೆ ಕಾಣಿಸಲೇಬಾರದು.

ಮತ್ತೆ ಕಾರ್ಡುಗಳು. 128 ಜಿಬಿಯದು ಒಂದರ ಬದಲು 32ರದು ನಾಲ್ಕು, ಎರಡು ದಿನಕ್ಕೊಂದು. ಇದಕ್ಕೆ ವಿರುದ್ಧ ವಾದವೂ ಇದೆ, ಸಣ್ಣ ಕಾರ್ಡ್ ಜಾಸ್ತಿ ಇದ್ದಷ್ಟೂ ಕಳೆದುಹೋಗುವ ಅವಕಾಶ ಜಾಸ್ತಿ ಅಂತ. ಒಪ್ಪುತ್ತೇನೆ. ಆದರೆ ಒಂದು ಕೆಟ್ಟರೆ ಎರಡು ದಿನ ಹೋಗುತ್ತದೆಯೇ ಹೊರತು ಎಂಟು ದಿನವಲ್ಲ. ಬಳಸಿ ತೆಗೆದ ಕಾರ್ಡಿನ ಪಕ್ಕದಲ್ಲಿರುವ ಪುಟ್ಟ ಲಾಕನ್ನು ಕೆಳಗೆ ಎಳೆದು, ಸೂಜಿ ಡಬ್ಬಿಯಲ್ಲಿ ಮುಖ ಕೆಳಗೆ ಮಾಡಿ ಇಡುತ್ತೇನೆ. ಲಾಕ್ ಎಳೆದಿದ್ದರೆ ಕ್ಯಾಮರಾ ಅದರ ಮೇಲೆ ಬರೆಯಲು ಒಪ್ಪುವುದಿಲ್ಲ. ಮನೆಗೆ ಬಂದು ಎರಡು ಕಡೆ ಹಾಕಿ ನೋಡುವವರೆಗೆ ಯಾವ ಕಾರ್ಡನ್ನೂ ಫಾರ್ಮ್ಯಾಟ್ ಮಾಡುವುದಿಲ್ಲ. ದಾರಿಯಲ್ಲಿ ಒಂದೇ ಒಂದು ಫೋಟೋ ಕೂಡ ಅಳಿಸುವುದಿಲ್ಲ, ಕಣ್ಣು ಮುಚ್ಚಿದ್ದು, ಅಲುಗಾಡಿದ್ದು, ನಮ್ಮವರ ಹೆಬ್ಬೆರಳು ಬಂದದ್ದು, ಯಾವುದೂ. ದಣಿದ ರಾತ್ರಿಯಲ್ಲಿ ನನ್ನ ಬೆರಳು ಏನು ಮಾಡುತ್ತದೆ ಅಂತ ನನಗೆ ಗೊತ್ತು.

ಬ್ಯಾಂಕಿನ ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈ ಇರುತ್ತವೆ, ಇಬ್ಬರ ಹತ್ತಿರ. ಜಾಯಿಂಟ್ ಕಸ್ಟಡಿ ಅನ್ನುತ್ತೇವೆ. ಅದನ್ನೇ ಇಲ್ಲಿ ತಂದೆ. ಸೂಜಿ ಡಬ್ಬಿ ನನ್ನ ಸೊಂಟದ ಚೀಲದಲ್ಲಿ, ಎಸ್‌ಎಸ್‌ಡಿ ನಮ್ಮವರ ಜರ್ಕಿನ್ ಒಳಜೇಬಿನಲ್ಲಿ. ಎರಡೂ ಯಾವತ್ತೂ ಒಂದೇ ಬ್ಯಾಗಿನಲ್ಲಿ ಇರಕೂಡದು, ಟ್ಯಾಕ್ಸಿಯ ಕ್ಯಾರಿಯರ್ ಮೇಲಂತೂ ಹೋಗಲೇಕೂಡದು. ಖಾರ್ದುಂಗ್ ಲಾ ಅನ್ನುವ ಘಾಟಿ ಹತ್ತುವಾಗ ಮುಂದಿನ ಗಾಡಿಯ ಮೇಲಿನ ಹಗ್ಗ ಸಡಿಲವಾಗಿ ಒಂದು ಸೂಟ್‌ಕೇಸ್ ರಸ್ತೆಗೆ ಬಿದ್ದದ್ದನ್ನು ಕಣ್ಣಾರೆ ಕಂಡೆವು. ಅಲ್ಲಿಯವರೆಗೆ ನನ್ನನ್ನು ರೇಗಿಸುತ್ತಿದ್ದ ನಮ್ಮವರು ಒಂದು ಸಲ ಎದೆ ಮುಟ್ಟಿ ನೋಡಿಕೊಂಡರು. ಅಂದಹಾಗೆ ಅದರ ತುದಿಯ ಬೋರ್ಡಿನ ಮೇಲೆ 18,380 ಅಡಿ ಅಂತ ಇತ್ತು, ಸರಿಯಾಗಿ ಅಳೆದವರು 17,582 ಅನ್ನುತ್ತಾರೆ. ಎಂಟುನೂರು ಅಡಿ ಟ್ಯಾಲಿ ಆಗದ ಬೋರ್ಡಿನ ಮುಂದೆ ನಿಂತು ನಾನೂ ಫೋಟೋ ತೆಗೆಸಿಕೊಂಡೆ.

ಚಳಿಯಲ್ಲಿ ಕಾರ್ಡಿಗೆ ಏನೂ ಆಗಲಿಲ್ಲ, ಬ್ಯಾಟರಿಗೆ ಆಯಿತು. ಪ್ಯಾಂಗಾಂಗ್ ಸರೋವರದ ದಂಡೆಯಲ್ಲಿ ಅರ್ಧ ತುಂಬಿದ್ದ ಬ್ಯಾಟರಿ ಹತ್ತು ನಿಮಿಷದಲ್ಲಿ ಖಾಲಿ ಅಂತ ತೋರಿಸಿತು. ಅದನ್ನು ತೆಗೆದು ಒಳಗಿನ ಜೇಬಿನಲ್ಲಿ ಬೆಚ್ಚಗೆ ಇಟ್ಟುಕೊಂಡರೆ ಅರ್ಧ ಗಂಟೆಯಲ್ಲಿ ಮತ್ತೆ ಜೀವ. ಪವರ್ ಬ್ಯಾಂಕ್ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವ ಹಾಗಿಲ್ಲ. ನಮ್ಮದು 20,000 ಎಂಎಎಚ್, ಲೆಕ್ಕ ಹಾಕಿದರೆ 74 ವ್ಯಾಟ್ ಅವರ್. ನೂರರ ಒಳಗೆ ಇದ್ದರೆ ತೊಂದರೆಯಿಲ್ಲ.

ಈಗ ಲಡಾಖಿನ ಹುಂಡರ್ ಊರಿನ ರಾತ್ರಿಗೆ ಬರುತ್ತೇನೆ. ಬೆಳಗ್ಗೆಯಿಂದ ಮರಳು ದಿಬ್ಬ, ಎರಡು ಡುಬ್ಬದ ಒಂಟೆ, ಡಿಸ್ಕಿಟ್‌ನ ಬುದ್ಧ. ತಲೆನೋವು ಸಣ್ಣಗೆ ಇತ್ತು. ಹೋಂಸ್ಟೇನಲ್ಲಿ ಕರೆಂಟ್ ಹೋಯಿತು. ಫೋನಿಗೆ ಬ್ಯಾಟರಿ ಇದೆಯಲ್ಲ, ಟಾರ್ಚ್ ಬೆಳಕಿನಲ್ಲಿ ಹಬ್ ಸಿಕ್ಕಿಸಿ ಎಲ್ಲ ಆಯ್ಕೆ ಮಾಡಿದೆ. ಫೋನು ಎರಡು ದಾರಿ ಕೊಟ್ಟಿತು, ಮೂವ್ ಅಥವಾ ಕಾಪಿ. ಬೆರಳು ಮೂವ್ ಕಡೆಗೇ ಹೋಗಿತ್ತು. ನಿಲ್ಲಿಸಿದೆ. ಕಾಪಿ ಒತ್ತಿ, ಕಂಬಳಿ ಹೊದ್ದು ಕೂತೆ. ಮಗಳು ಮಗ್ಗುಲು ಬದಲಾಯಿಸಿದಳು, ಅವಳ ಕಾಲು ವೈರಿಗೆ ತಾಗಿತು. ಮತ್ತೆ ಸಿಕ್ಕಿಸಿ ನೋಡಿದರೆ ಫೋಲ್ಡರಿನಲ್ಲಿ ಫೋಟೋಗಳು ಇದ್ದವು. ಎಲ್ಲ ಆದ ಹಾಗೇ ಕಾಣುತ್ತಿತ್ತು. ಕಾಶಿಯ ನಾನಾಗಿದ್ದರೆ ಮಲಗಿಬಿಡುತ್ತಿದ್ದೆ.

ಎಣಿಸಿದೆ. ಕಾರ್ಡಿನಲ್ಲಿ 386. ಎಸ್‌ಎಸ್‌ಡಿಯಲ್ಲಿ 212. ಶಾರ್ಟ್. ಕೊನೆಯದನ್ನು ತೆರೆದೆ. ಮೇಲೆ ಹಿಮದ ಬೆಟ್ಟ, ನೀಲಿ ಆಕಾಶ, ಒಂಟೆಯ ಎರಡು ಡುಬ್ಬ. ಅದರ ಕೆಳಗೆ ಬರೀ ಬೂದು ಬಣ್ಣ.

ಐದು ವರ್ಷದ ನಂತರ ಅದೇ ಸಿಮೆಂಟು. ಎದೆ ಧಸಕ್ಕೆಂದಿತು. ಆದರೆ ಕಾರ್ಡಿನಲ್ಲಿ ಮೂಲ ಹಾಗೇ ಇತ್ತು, ಪೂರ್ತಿ ಒಂಟೆ, ನಾಲ್ಕೂ ಕಾಲು. ಆ ಫೋಲ್ಡರನ್ನು ಹಾಗೇ ಬಿಟ್ಟು, ಹೊಸ ಫೋಲ್ಡರ್ ಮಾಡಿ ಮೊದಲಿನಿಂದ ಕಾಪಿ ಮಾಡಿದೆ. 386, 386. ಮೊದಲನೆಯದು, ಮಧ್ಯದ್ದು, ಕೊನೆಯದು ತೆರೆದು ನೋಡಿದೆ. ಟ್ಯಾಲಿ. ಆಗ ಹನ್ನೆರಡೂಕಾಲು. ಹೊರಗೆ ಹೋಗಿ ನೋಡಿದರೆ ಆಕಾಶದ ತುಂಬ ನಕ್ಷತ್ರ, ಅಷ್ಟು ನಕ್ಷತ್ರ ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ. ಕ್ಯಾಮರಾ ತರಲು ಒಳಗೆ ಹೋಗಲಿಲ್ಲ. ಮತ್ತೆ ಕಾಪಿ ಮಾಡಬೇಕಲ್ಲ!

ದಿನಾ ಇಪ್ಪತ್ತು ಫೋಟೋ ಆರಿಸಿ ನೆಟ್‌ವರ್ಕ್ ಸಿಕ್ಕಾಗ ನಾದಿನಿಗೆ ವಾಟ್ಸಾಪ್ ಮಾಡುತ್ತಿದ್ದೆ, ಡಾಕ್ಯುಮೆಂಟ್ ಮಾಡಿ. ಸುಮ್ನೆ ಫೋಟೋ ಅಂತ ಕಳಿಸಿದರೆ ವಾಟ್ಸಾಪ್ ಅದನ್ನು ಹಿಂಡಿ ಸಣ್ಣದು ಮಾಡುತ್ತದೆ, ತೆಗೆದ ತಾರೀಖೂ ಉಳಿಯುವುದಿಲ್ಲ. ಡಾಕ್ಯುಮೆಂಟ್ ಆದರೆ ಮೂಲವೇ ಹೋಗುತ್ತದೆ. ಅದು ನನ್ನ ಹುಬ್ಬಳ್ಳಿ ಭರಣಿ. ನೆಟ್‌ವರ್ಕ್ ಸಿಕ್ಕ ದಿನ ಅತ್ತೆಯೇ ಫೋನಿಗೆ ಬಂದು, "ಎರಡು ಕಡೆ ಹಾಕಿದ್ಯೇನೇ?" ಅಂತ ಮೊದಲು ಕೇಳುತ್ತಿದ್ದರು. ಊಟ ಆಯ್ತಾ ಅನ್ನುವುದು ಆಮೇಲೆ.

ಊರಿಗೆ ಬಂದ ಮೇಲೆ ಎಲ್ಲವನ್ನೂ ಹಳೆಯ ಹಾರ್ಡ್ ಡಿಸ್ಕಿಗೂ ಹಾಕಿ (ಶಿವಮೊಗ್ಗದಲ್ಲಿ ಅದಕ್ಕೆ ಉಸಿರು ಕಟ್ಟುವುದಿಲ್ಲ) ಅದನ್ನು ಸಾಗರದಲ್ಲಿ ಅಮ್ಮನ ಬೀರುವಿನಲ್ಲಿ ಇಟ್ಟು ಬಂದೆ. ಅಮ್ಮನ ಮನೆಯ ಹಳೇ ಆಲ್ಬಮ್‌ಗಳು ಮಳೆಗಾಲದ ತೇವಕ್ಕೆ ಬೂಸ್ಟು ಹಿಡಿದು, ಅಜ್ಜನ ಮುಖದ ಮೇಲೆ ರಂಗೋಲಿ ಬಿದ್ದ ಹಾಗಾಗಿದೆ. ಹಾಗಾಗಿ ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ, ಚಪ್ಪಲಿ ಪೆಟ್ಟಿಗೆಗಳಿಂದ ಕೂಡಿಟ್ಟ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಹಾಕಿದ್ದೇನೆ. ವರ್ಷಕ್ಕೆ ಎರಡು ಸಲ ಹೋದಾಗ ತೆರೆದು ನೋಡುತ್ತೇನೆ. ಕಳೆದ ಸಲ ಡಬ್ಬಿಯೊಳಗೆ ಅಮ್ಮನ ಎರಡು ಬಂಗಾರದ ಬಳೆಯೂ ಇದ್ದವು. "ಇದು ಭದ್ರ ಅಂತ ನೀನೇ ಹೇಳಿದ್ಯಲ್ಲ" ಅಂದಳು.

ಒಂದು ವಿಷಯ ಉಳಿಯಿತು. ಲಡಾಖಿನ ಫೋಟೋಗಳಿಗೆ ಜಾಗ ಸಾಲದೆ ನಾದಿನಿ ತನ್ನ ವಾಟ್ಸಾಪ್ ಗುಡಿಸುತ್ತಾ ಕೂತಿದ್ದಳಂತೆ. 2018ರವರೆಗೆ ಹಿಂದೆ ಹೋದಾಗ ಒಂದು ಫೋಟೋ ಸಿಕ್ಕಿತು. ಕಾಶಿಯ ಮೊದಲ ದಿನ ಮಧ್ಯಾಹ್ನ, ಊಟಕ್ಕೆ ಕೂತಾಗ, ನಮ್ಮವರು ನನ್ನ ಕ್ಯಾಮರಾದ ಹಿಂದಿನ ಪರದೆಯನ್ನೇ ತಮ್ಮ ಫೋನಿನಿಂದ ಫೋಟೋ ತೆಗೆದು ತಂಗಿಗೆ ಕಳಿಸಿದ್ದರು. ಕಳಿಸಿದವರಿಗೂ ನೆನಪಿರಲಿಲ್ಲ, ಅವರ ಆ ಫೋನೂ ಈಗಿಲ್ಲ. ಪರದೆಯ ಮೇಲೆ ಕಿಟಕಿಯ ಬೆಳಕು ಬಿದ್ದಿದೆ, ಅಂಚಿನಲ್ಲಿ ಸ್ಟೀಲ್ ಲೋಟದ ಕಂಠ. ಒಳಗೆ ಅತ್ತೆ, ಚಿಕ್ಕತ್ತೆಯ ಬೆನ್ನು ತಟ್ಟುತ್ತಾ, ಬಾಯಿ ತುಂಬ ನಗುತ್ತಿದ್ದಾರೆ. ಮೂಲೆಯಲ್ಲಿ 100-0047 ಅಂತ ನಂಬರ್.

ಅತ್ತೆ ಅದನ್ನು ದೊಡ್ಡದು ಮಾಡಿಸಿ ಫ್ರೇಮ್ ಹಾಕಿಸಿದರು. ಸ್ಟುಡಿಯೋದವನು ನಂಬರ್, ಚಿಹ್ನೆ ಎಲ್ಲ ಅಳಿಸಿ ಕೊಡುತ್ತೇನೆ ಅಂದ. ಬೇಡ ಅಂದರು. ಈಗ ಅದು ದೇವರ ಮನೆಯ ಬಾಗಿಲ ಪಕ್ಕದಲ್ಲಿದೆ. ಮೊನ್ನೆ ಬಂದ ನೆಂಟರೊಬ್ಬರು ಹತ್ತಿರ ಹೋಗಿ, ಮೇಲೆ ಮೂಲೆಯಲ್ಲಿ ಅದೆಂತದು ಕೆಂಪು ಗುರುತು ಅಂತ ಕೇಳಿದರು.

"ಅದಾ? ಬ್ಯಾಟರಿ," ಅಂದರು ಅತ್ತೆ. "ಹಿಂದಿನ ರಾತ್ರಿ ಚಾರ್ಜಿಗೆ ಹಾಕಲಿಕ್ಕೂ ಮರೆತಿದ್ದಳು."